ಒಗೆಯಬಾರದ ಅಂಗಿ

ಒಂದೂರಲ್ಲಿ ಒಬ್ಬ ಅಭಿಮಾನಿ ಇದ್ದ. ಸಾಮಾನ್ಯವಾಗಿ ಕಥೆಯಲ್ಲಿ ಶ್ರೀಮಂತ ಬರುತ್ತಾನೆ. ಶ್ರೀಮಂತ ಅಂದ ಕೂಡಲೇ, ಇದು ನಮಗಲ್ಲ ಬಿಡು ಅಂತ ನೀವು ಗೋಡೆಗೆ ಒರಗಿ ಕೂತುಬಿಡುತ್ತೀರಿ. ಅದಕ್ಕೇ ಇವತ್ತು ಅಭಿಮಾನಿಯನ್ನು ಕರೆತಂದಿದ್ದೇನೆ. ಸ್ವಲ್ಪ ನೆಟ್ಟಗೆ ಕೂರಿ.

ಯಾರ ಅಭಿಮಾನಿ? ಊರಿನ ಕಬಡ್ಡಿ ತಂಡದ ಅಭಿಮಾನಿ. ಬಸ್ ಸ್ಟ್ಯಾಂಡ್ ಹಿಂದೆ ಮೋಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಪಂದ್ಯ ಇದ್ದ ದಿನ ಬಾಗಿಲು ಹಾಕುತ್ತಿದ್ದ. ಗಿರಾಕಿ ಗೊಣಗಿದರೆ, "ನಿನ್ನ ಮೋಟರು ನಾಳೆನೂ ಸುಟ್ಟೇ ಇರ್ತದೆ ಕಣಣ್ಣ, ಪಂದ್ಯ ನಾಳೆ ಇರಕಿಲ್ಲ" ಅನ್ನುತ್ತಿದ್ದ.

ಅವನ ಮನೆಯಲ್ಲಿ ಒಂದು ಗಾಜಿನ ಬಾಗಿಲಿನ ಬೀರು. ಮದುವೆಯಲ್ಲಿ ಹೆಂಡತಿಯ ತವರಿನವರು ಕೊಟ್ಟದ್ದು. ಮೊದಲ ವರ್ಷ ಅದರಲ್ಲಿ ಅವಳ ಸೀರೆಗಳಿದ್ದವು. ಆಮೇಲೆ ತಂಡದ ಫೋಟೋ ಬಂತು. ರೆಫರಿಯ ಸೀಟಿ ಬಂತು. ಕ್ಯಾಪ್ಟನ್ ಮಂಡಿಗೆ ಕಟ್ಟುತ್ತಿದ್ದ ಪಟ್ಟಿ, ಅಂಕದ ಬೋರ್ಡಿನಿಂದ ಬಿದ್ದ ತಗಡಿನ ‘ಮೂರು’ ಅಂಕಿ, ಪೇಪರಿನ ತುಣುಕುಗಳು ಬಂದವು. ಸೀರೆಗಳು ಒಂದೊಂದೇ ಇಳಿದು ಮಂಚದ ಕೆಳಗಿನ ಟ್ರಂಕಿಗೆ ಹೋದವು. ಅವಳು ಜಗಳ ಮಾಡಲಿಲ್ಲ. ನೋಡಿ, ಜಗಳ ಆಗಲಿಲ್ಲ ಅಂದರೆ ಸರಿ ಇದೆ ಅಂತ ನಾವು ತಿಳಿದುಕೊಳ್ಳುತ್ತೇವೆ.

ಆ ಬೀರುವಿನ ನಡುವಿನ ಅರೆಯಲ್ಲಿ ಒಂದು ಬಿಳಿ ಜೆರ್ಸಿ. ಏಳನೇ ನಂಬರು, ಕ್ಯಾಪ್ಟನ್ನನದು. ಹೈಸ್ಕೂಲು ಮೈದಾನದಲ್ಲಿ ನಡೆದ ಫೈನಲಿನ ಕೊನೆಯ ರೈಡಿನಲ್ಲಿ, ಮೂರು ಜನ ಮೇಲೆ ಬಿದ್ದರೂ ತೆವಳಿ ಬಂದು ಅವನು ಬೆರಳ ತುದಿಯಿಂದ ಗೆರೆ ಮುಟ್ಟಿದ್ದ. ಪಂದ್ಯ ಮುಗಿದ ಮೇಲೆ ನಮ್ಮ ಅಭಿಮಾನಿ ಹಿಂದೆ ಬಿದ್ದು ಆ ಅಂಗಿಯನ್ನೇ ಕೇಳಿ ತಂದ. ಭುಜದ ತುಂಬ ಕೆಮ್ಮಣ್ಣು, ಕೊರಳಲ್ಲಿ ಒಂದು ಹನಿ ರಕ್ತ. ಹದಿನಾಲ್ಕು ವರ್ಷ ಅದನ್ನು ಒಗೆಯದೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟ. ಬಂದವರಿಗೆಲ್ಲ ಕವರು ಬಿಚ್ಚಿ ಮುಖದ ಹತ್ತಿರ ಹಿಡಿಯುತ್ತಿದ್ದ. "ಮೂಸಿ ನೋಡಿ. ಗೆಲುವಿನ ವಾಸನೆ ಅಂದ್ರೆ ಇದು."

ಒಳಗಿನಿಂದ ಹೆಂಡತಿ ನಗುತ್ತಿದ್ದಳು. "ನಾನು ಒಲೆ ಮುಂದಿಂದ ಎದ್ದು ಬಂದ್ರೆ ಮುಖ ತೊಳ್ಕೊಂಡು ಬಾ ಅಂತಾರೆ. ಯಾರದೋ ಬೆವರಿಗೆ ನೋಡಿ, ನಮ್ಮಪ್ಪ ಕೊಡ್ಸಿದ ಬೀರು!"

ಬಂದವರೂ ನಗುತ್ತಿದ್ದರು. ಅವನೂ ನಗುತ್ತಿದ್ದ.

ಒಂದು ಸಲ, ಯುಗಾದಿ ಆದ ಮರುವಾರ, ಆ ಕ್ಯಾಪ್ಟನ್ ಊರಿಗೆ ಬಂದ. ಸನ್ಮಾನ ಇತ್ತು. ಮುಗಿದ ಮೇಲೆ ನಿಮ್ಮ ಮನೆಗೇ ಕಾಫಿಗೆ ಬರುತ್ತೇನೆ ಅಂತ ಹೇಳಿ ಕಳಿಸಿದ. ಅಭಿಮಾನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕರೆತರಲು ಬೆಳಿಗ್ಗೆಯೇ ಓಡಿದ.

ಮನೆಯಲ್ಲಿ ಹೆಂಡತಿ ಬೀರು ಒರೆಸುತ್ತಾ ಜೆರ್ಸಿ ನೋಡಿದಳು. ಇಂಥ ದೊಡ್ಡ ಮನುಷ್ಯ ಬಂದಾಗ ಅವನ ಅಂಗಿಯನ್ನೇ ಇಷ್ಟು ಕೊಳಕಾಗಿ ತೋರಿಸುವುದೇ? ನನ್ನ ಗಂಡನ ಮಾನ ಏನಾಗಬೇಕು? ಸೋಪಿನ ನೀರಲ್ಲಿ ನೆನೆಸಿದಳು. ಹದಿನಾಲ್ಕು ವರ್ಷದ ಮಣ್ಣು ಸುಲಭಕ್ಕೆ ಬಿಡುತ್ತದೆಯೇ? ಬೆರಳು ಸುಕ್ಕುಗಟ್ಟುವವರೆಗೆ ಉಜ್ಜಿದಳು. ಒಣಗಿಸಿ, ಇಸ್ತ್ರಿ ಮಾಡಿ, ಮಡಿಸಿ ತಟ್ಟೆಯಲ್ಲಿಟ್ಟಳು. ತಟ್ಟೆಯ ಅಂಚಿಗೆ ಎರಡು ಮಲ್ಲಿಗೆ ಹೂವನ್ನೂ ಇಟ್ಟಳು.

ಕ್ಯಾಪ್ಟನ್ ಅದನ್ನು ಬಿಡಿಸಿ ಹಿಡಿದು ಜೋರಾಗಿ ನಕ್ಕ. "ಅಕ್ಕಾ, ನಾನು ಹಾಕ್ಕೊಂಡಾಗ್ಲೂ ಇದು ಇಷ್ಟು ಬೆಳ್ಳಗಿರ್ಲಿಲ್ಲ!"

ಅಭಿಮಾನಿ ನಗಲಿಲ್ಲ. ಅತಿಥಿಯನ್ನು ಕಳಿಸಿ ಬಾಗಿಲು ಹಾಕಿದ. "ಸಾಯಿಸ್ಬಿಟ್ಟೆ" ಅಂದ. "ನಾನು ಇಷ್ಟು ವರ್ಷ ಕಾಪಾಡಿದ್ದನ್ನ ಒಂದ್ ಗಳಿಗೇಲಿ ಸಾಯಿಸ್ಬಿಟ್ಟೆ. ಇನ್ಮೇಲೆ ಈ ಬೀರು ಮುಟ್ಟಬೇಡ."

ಸೋಪಿಗೆ ಒರಟಾದ ಅವಳ ಕೈ ಇನ್ನೂ ಸುಕ್ಕಾಗಿಯೇ ಇತ್ತು. ಅವನು ಅದನ್ನು ನೋಡಿದ. ನೋಡಿಯೂ ಮಾತು ಬಿಟ್ಟ.

ಒಂದೇ ಮನೆ, ಒಂದೇ ಒಲೆ, ಮಾತಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೆ ಗೋಡೆಗೆ ಹೇಳುತ್ತಿದ್ದ. ಗೋಡೆ ಕೇಳಿಸಿಕೊಂಡು ಉಪ್ಪು ತರುತ್ತದೆಯೇ? ಅವಳೇ ತರುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಹೊರಗಿಂದ ಬಂದಳು. ಸೆರಗನ್ನು ಎರಡೂ ಕೈಯಲ್ಲಿ ಗಂಟಿನ ಹಾಗೆ ಹಿಡಿದಿದ್ದಳು. ಅವನ ಮುಂದೆ ಬಿಚ್ಚಿದಳು. ಒದ್ದೆ ಕೆಮ್ಮಣ್ಣು.

"ಹೈಸ್ಕೂಲು ಮೈದಾನದ್ದೇ ಕಣ್ರೀ. ಅದೇ ಜಾಗ, ಗೆರೆ ಹತ್ರ. ಭುಜದ ಮೇಲೆ ಹೆಂಗಿತ್ತೋ ಹಂಗೇ ಹಚ್ಬಿಡ್ಲಾ?"

ನಗು ಬಂತು ಅವನಿಗೆ. ನಿಜವಾಗಿಯೂ ಬಂತು. ಆದರೆ ಇಷ್ಟು ಬೇಗ ನಕ್ಕರೆ ತನ್ನ ಕೋಪಕ್ಕೆ ಬೆಲೆ ಏನು ಉಳಿಯಿತು? ಮುಖ ತಿರುಗಿಸಿ ಪೇಪರು ಎತ್ತಿಕೊಂಡ. ಅವಳು ಮಣ್ಣನ್ನು ತುಳಸಿ ಗಿಡದ ಬುಡಕ್ಕೆ ಸುರಿದಳು.

ನಾಳೆ ಮಾತಾಡಿದರಾಯಿತು ಅಂದುಕೊಂಡ. ಎಷ್ಟು ನಾಳೆಗಳು ಹೋದವು? ತಂಡದ ಒಂದೊಂದು ಪಂದ್ಯದ ಅಂಕ ಬಾಯಲ್ಲಿ ಇಟ್ಟುಕೊಂಡವನು ಅದನ್ನು ಎಣಿಸಲಿಲ್ಲ.

ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಡೆಂಗಿ ಅಂದರು, ಆಸ್ಪತ್ರೆಗೆ ಸೇರಿಸಿದರು. ಹೊರಗಿನ ಬೆಂಚಿನಲ್ಲಿ ಕೂತು ಅವನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ. ಮನೆಗೆ ಬರಲಿ, ಮೊದಲು ಇದನ್ನು ಹೇಳುತ್ತೇನೆ, ಆಮೇಲೆ ಅದನ್ನು. ನಾಲ್ಕನೇ ದಿನ ಅವಳನ್ನು ಮನೆಗೆ ತಂದರು. ಹೇಳಿದರೆ ಕೇಳಿಸಿಕೊಳ್ಳುವ ಹಾಗಿರಲಿಲ್ಲ.

ಅವನ ಅಕ್ಕ ಬಂದು ಭುಜ ಮುಟ್ಟಿದಳು. "ಅವಳಿಗೆ ಯಾವ ಸೀರೆ ಇಷ್ಟ ಇತ್ತಪ್ಪ? ಉಡಿಸ್ಬೇಕು."

ಕ್ಯಾಪ್ಟನ್ನನ ಬೂಟಿನ ಅಳತೆ ಗೊತ್ತಿತ್ತು ಅವನಿಗೆ. ಇದು ಗೊತ್ತಿರಲಿಲ್ಲ.

"ಯಾವ್ದಾದ್ರೂ ಉಡ್ಸಕ್ಕ" ಅಂದ.

ಮೂರನೇ ದಿನ ಗಂಡಸರು ಹಾಲುತುಪ್ಪಕ್ಕೆ ಅಂತ ಮಣ್ಣು ಮಾಡಿದ ಜಾಗಕ್ಕೆ ಹೋದರು. ಅಲ್ಲಿ ನಿಂತಾಗ ಅವನಿಗೆ ನೆನಪಾಯಿತು. ಮಲಗುವ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿ, ಆಸ್ಪತ್ರೆಗೆ ಹೊರಡುವ ಮುಂಚೆ ಅವಳು ಬಿಚ್ಚಿ ಹಾಕಿದ ಸೀರೆ. ಅದರಲ್ಲಿ ಒಗ್ಗರಣೆ ಇರುತ್ತದೆ, ಒಲೆ ಇರುತ್ತದೆ, ಅವಳ ಬೆವರು ಇರುತ್ತದೆ. ಶಾಸ್ತ್ರ ಮುಗಿಯುವವರೆಗೂ ಅವನ ತಲೆಯಲ್ಲಿದ್ದದ್ದು ಆ ಮೊಳೆ ಒಂದೇ. ಎಲ್ಲರಿಗಿಂತ ಮುಂದೆ ನಡೆದು ಮನೆಗೆ ಬಂದ.

ಮೊಳೆ ಖಾಲಿ ಇತ್ತು.

ಹಿತ್ತಿಲಿಗೆ ಓಡಿದ. ತಂತಿಯ ಉದ್ದಕ್ಕೂ ಅವಳ ಸೀರೆಗಳು ನೀರು ತೊಟ್ಟಿಕ್ಕುತ್ತಿದ್ದವು. ಟ್ರಂಕಿನವು, ಮೊಳೆಯದು, ದಿಂಬಿನ ಕವರು, ಅಡುಗೆಮನೆಯ ಮಸಿಬಟ್ಟೆ ಕೂಡ.

"ಸಾವಿನ ಮನೆ ಬಟ್ಟೆ ಹಂಗೇ ಇಡಬಾರ್ದು ಕಣಪ್ಪ" ಅಂದಳು ಅಕ್ಕ. "ಎಲ್ಲಾ ಒಗ್ದು ಹಾಕಿವ್ನಿ. ಒಂದೂ ಬಿಟ್ಟಿಲ್ಲ."

ಬೈಯಲು ಬಾಯಿ ತೆರೆದ. ಅಕ್ಕನ ಬೆರಳು ಕಂಡವು. ಸುಕ್ಕುಗಟ್ಟಿದ್ದವು. ಬಾಯಿ ಮುಚ್ಚಿಕೊಂಡ. ಒಂದೊಂದೇ ಸೀರೆಗೆ ಮುಖ ಒತ್ತುತ್ತಾ ಹೋದ. ಸೋಪು. ಬರೀ ಸೋಪು.

ತಂತಿಯ ಕೊನೆಯಲ್ಲಿ ಅಕ್ಕ ಒಂದು ಸೆರಗನ್ನು ಬೆಳಕಿಗೆ ಹಿಡಿದಳು. "ಇದೊಂದ್ರಲ್ಲಿ ಮಾತ್ರ ಏನೋ ಕೆಂಪು ಮಣ್ಣಿನ ಕಲೆ ಕಣಪ್ಪ. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಎಲ್ಲಿ ಮಾಡ್ಕೊಂಡ್ಳೋ ಏನೋ."

ಎಲ್ಲಿ ಅಂತ ಅವನಿಗೆ ಗೊತ್ತಿತ್ತು. ಆ ಸೆರಗು ಹಿಡಿದು ಹಿತ್ತಿಲಲ್ಲೇ ಕೂತ.

ಕಥೆ ಇಷ್ಟೇ. ಆಮೇಲೆ ಬೀರು ಖಾಲಿ ಮಾಡಿದನೇ, ಸೀರೆಗಳನ್ನು ಮತ್ತೆ ಅದರಲ್ಲಿಟ್ಟನೇ ಅಂತ ಕೇಳಬೇಡಿ. ಇಟ್ಟಿದ್ದರೂ ಉಡುವವರು ಯಾರು?

ಹೆಂಡತಿಯನ್ನು ಪ್ರೀತಿಸಿ ಅಂತ ಹೇಳುವುದಕ್ಕೆ ಈ ಕಥೆ ತರಲಿಲ್ಲ. ಅವನೂ ಪ್ರೀತಿಸುತ್ತಿದ್ದ. ಅವಳು ಒಂದು ಪ್ರಶ್ನೆ ಕೇಳಿದ್ದಳು ನೋಡಿ, ಹಚ್ಚಿಬಿಡಲಾ ಅಂತ. ಹೂಂ ಅನ್ನಬಹುದಿತ್ತು. ಬೇಡ ಅನ್ನಬಹುದಿತ್ತು. ಹೋಗೇ ಹುಚ್ಚಿ ಅನ್ನಬಹುದಿತ್ತು. ಯಾವುದಾದರೂ ಸಾಕಾಗುತ್ತಿತ್ತು. ಅವನು ಪೇಪರು ಎತ್ತಿಕೊಂಡ.

ನಿಮ್ಮ ಮನೆಯ ಬೀರುವಿನಲ್ಲಿ ಜೆರ್ಸಿ ಇಲ್ಲದಿರಬಹುದು. ನಿಮ್ಮ ಬೀರು ಹೊಲದಲ್ಲಿ ಇರಬಹುದು, ಅಂಗಡಿಯಲ್ಲಿ ಇರಬಹುದು, ಜೇಬಿನ ಫೋನಿನಲ್ಲಿ ಇರಬಹುದು. ಈ ಮಠದಲ್ಲೂ ಇರಬಹುದು; ದೇವರ ಬೆಳ್ಳಿ ಹೊಳೆಯಲಿಲ್ಲ ಅಂತ ಸೊಸೆಯ ಜೊತೆ ಮಾತು ಬಿಟ್ಟವರು ಇಲ್ಲೇ ಕೂತಿಲ್ಲವೇ? ತಲೆ ತಗ್ಗಿಸಬೇಡಿ, ನಾನು ಯಾರ ಕಡೆಗೂ ನೋಡುತ್ತಿಲ್ಲ.

ಇವತ್ತು ಬೆಳಿಗ್ಗೆ ನಿಮ್ಮ ಮನೆಯಲ್ಲಿ ಯಾರೋ ಏನೋ ಕೇಳಿದ್ದಾರೆ. ಊಟಕ್ಕೆ ಬರ್ತೀರಾ ಅಂತಲೋ, ಇನ್ನೂ ಕೋಪವಾ ಅಂತಲೋ. ನೀವು ಗೋಡೆ ನೋಡಿಕೊಂಡು ಎದ್ದು ಬಂದಿದ್ದೀರಿ. ಅಂಥವರು ಮಂಗಳಾರತಿಗೆ ಕಾಯಬೇಡಿ. ನಿಮ್ಮ ಪಾಲಿನ ಪ್ರಸಾದ ತೆಗೆದಿಟ್ಟಿರುತ್ತೇವೆ, ನಾಳೆ ಬಂದು ತೆಗೆದುಕೊಳ್ಳಿ. ಈಗಲೇ ಏಳಿ. ಮನೆಯ ಹೊಸ್ತಿಲಲ್ಲಿ ನಿಂತು, ಕಾಲಿನ ಚಪ್ಪಲಿ ಬಿಡುವ ಮುಂಚೆ, ಬೆಳಿಗ್ಗೆ ಕೇಳಿದ್ದಕ್ಕೆ ಉತ್ತರ ಕೊಡಿ.