ಓಸ್ವಾಲ್ಡ್ ಮೂಸಿ ನೋಡಿದ ಗ್ರಿಲ್

ಕಾರ್ಕಳದ ಬಸ್ ನಿಲ್ದಾಣದಲ್ಲಿ ಬೀಡಿಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಉಡುಪಿ ಬಸ್ಸಿಗೆ ಕಾಯುತ್ತಿದ್ದ ಮೋಹಿನಿಗೆ, ಪಕ್ಕದಲ್ಲಿ ಕೂತ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ದುಬಾಯಿಯವರು ಮಾರಿದ ಆ ಹಳೇ ಗ್ಯಾಸ್ ಗ್ರಿಲ್ ಎಂತಾಯ್ತು ಡುಲ್ಸಿನ್? ನಿನ್ನ ಗಂಡ ಓಸ್ವಾಲ್ಡ್ ಇನ್ನೂ ಉಜ್ಜುತ್ತಾ ಇದ್ದಾರಾ?”

“ತುಕ್ಕೆಲ್ಲ ಹೋಯ್ತು ಝೀಟಾ. ಬಿರುಕು ಬಿಟ್ಟ ಪೈಪಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಇವತ್ತು ನಾಲ್ಕು ಗಂಟೆಗೆ ಹೊತ್ತಿಸಿ ಅತ್ತೆಗೆ ಕೋಳಿ ಸುಟ್ಟು ಕೊಡುವುದಂತೆ.”

“ಸೈಕಲ್ ಟ್ಯೂಬಾ! ಗ್ಯಾಸ್ ಸೋರಿದರೆ?”

“ಸಿಲಿಂಡರ್ ತೆರೆದು ಮೂಸಿ ನೋಡಿದ್ರು. ಎಂತ ವಾಸನೆಯೂ ಇಲ್ಲ ಅಂದ್ರು. ಹೊರಡುವಾಗ ನನಗೆ ಮಾತ್ರ ಕೊಳೆತ ನೀರುಳ್ಳಿಯ ಹಾಗೆ ನಾತ ಬಂತು.”

“ಅಯ್ಯೋ ಮಾರಾಯ್ತಿ, ಅವರಿಗೆ ಮೂಗು ಎಲ್ಲುಂಟು? ಮೊನ್ನೆ ಒಲೆಯ ಮೇಲೆ ಬಂಗುಡೆ ಮೀನು ಕರಟಿ ಹೋದರೂ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು ಅಂತ ನೀನೇ ನಗಾಡಿದ್ದಲ್ವಾ?”

ಡುಲ್ಸಿನ್ ಈಗ ನಗಲಿಲ್ಲ. “ಬೊಂಬಾಯಿಯ ಆಸಿಡ್ ಕಾರ್ಖಾನೆ ತಿಂದ ಮೂಗು ಅದು. ಹದಿನಾಲ್ಕು ವರ್ಷ ತಿಂದಿತು.”

“ಅದಕ್ಕೆ ಧಣಿಗಳು ಎಂತ ಕೊಟ್ಟರು?”

“ಒಂದು ಗೋಡೆ ಗಡಿಯಾರ. ಅದನ್ನೇ ನೋಡಿಕೊಂಡು ಎಲ್ಲ ಮಾಡುವುದು. ನಾಲ್ಕು ಅಂದರೆ ನಾಲ್ಕೇ.”

ಹಾಗೆಂದವಳು ತಟ್ಟನೆ ಮೋಹಿನಿಯ ಕಡೆ ತಿರುಗಿದಳು. “ಈಗ ಗಂಟೆ ಎಷ್ಟಕ್ಕಾ?”

ಮೋಹಿನಿ ಎದುರಿನ ಹೋಟೆಲಿನ ಗಡಿಯಾರ ನೋಡಿದಳು. “ನಾಲ್ಕಕ್ಕೆ ಹತ್ತು ನಿಮಿಷ ಉಂಟು.”

ಆಗಲೇ ಹೊರಟಿದ್ದ ತಮ್ಮೂರು ಬಜಗೋಳಿಯ ಬಸ್ಸಿನ ಹಿಂದೆ ಇಬ್ಬರೂ ಕೂಗುತ್ತ ಓಡಿದರು. ಮೋಹಿನಿ ಮತ್ತೆ ಹೋಟೆಲಿನ ಗಡಿಯಾರ ನೋಡಿದಳು. ಬಜಗೋಳಿಗೆ ಇಪ್ಪತ್ತು ನಿಮಿಷದ ದಾರಿ.