ಐವತ್ತು ಕೆಬಿಯೊಳಗಿನ ಮುಖ

ಹಿಮಾಯತ್‌ನಗರದ ಆನ್‌ಲೈನ್ ಸೆಂಟರಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಕಂಪ್ಯೂಟರಿನ ಮುಂದೆ ಕೊಪ್ಪಳ ಕಡೆಯ ಅಕ್ಕ, ತಮ್ಮ. ಕಾಣೆಯಾದ ಅಪ್ಪನ ಫೋಟೊ ಪೊಲೀಸ್ ದೂರಿನ ಫಾರ್ಮಿಗೆ ಹಾಕುತ್ತಿದ್ದರು. ಕೇಳಬಾರದಿತ್ತು, ಕೇಳಿಸಿತು.

"ಮತ್ತ ವಾಪಸ್ ಬಂತೇನೋ ಗುರು?"

"ಫೋಟೊ ದೊಡ್ಡದಾತಂತ ಅಕ್ಕ. ಐವತ್ತು ಕೆಬಿ ಒಳಗ ಇರಬೇಕಂತ."

"ಅದನ್ನ ಮೊದಲ ಹೇಳಾಕ ಏನ್ ಧಾಡಿ ಆಗಿತ್ತು ಅದಕ್ಕ? ಮೂರು ಸಲ ಎಲ್ಲಾ ತುಂಬಿಸಿಕೊಂಡು ಈಗ ಹೇಳತೈತಿ."

"ತಡಿ, ಈ ಸಲ ಸೈಜ್ ನೋಡೇ ಹಾಕತೀನಿ. ಸಣ್ಣದು ಮಾಡಾಕತ್ತೀನಿ."

"ಹಣಿ ಮ್ಯಾಲಿನ ಗಾಯದ ಗುರುತು ಕಾಣಬೇಕು ನೋಡು."

"ಈಗ ನೂರಾ ಹತ್ತು ಐತಿ."

"ಇನ್ನೂ ಸಣ್ಣದು ಮಾಡು."

"ನಲವತ್ತೆಂಟು. ಹಾಂ, ತಗೊಂತು."

"ಎಲ್ಲಿ, ತೋರಿಸು. ಇದೇನೋ ಇದು? ಗಾಯ ಇಲ್ಲ, ಕಣ್ಣಿಲ್ಲ. ಯಾರದೋ ಮಾರಿ ಇದ್ದಂಗೈತಿ."

"ಸಣ್ಣದು ಮಾಡಿದ್ರ ಹಂಗ ಅಕ್ಕ. ಎಲ್ಲಾರದೂ ಹಂಗ ಕಾಣತೈತಿ."

ಅಕ್ಕ ಪರದೆಯ ಹತ್ತಿರ ಬಗ್ಗಿ ನೋಡಿದಳು.

"ಗುರು, ನಿನ್ನೆ ನಿನ್ನ ಫೋನ್‌ನಾಗ ಗುರುತು ಸಿಗದ ಹೆಣಗಳ ಪಟ್ಟಿ ತೋರಿಸಿದೆಲ್ಲ?"

"ಹೂಂ."

"ಅದರಾಗಿನ ಫೋಟೊನೂ ಹಿಂಗ ಇದ್ದವು."

ತಮ್ಮ ಪರದೆಯ ಮೇಲಿನ ಫೋಟೊ ಕಡೆ ತಿರುಗಿದ.

"ನಾ ಮೂವತ್ತೂ ಮಾರಿ ನೋಡಿದೆ. ಇದರಾಗ ಅಪ್ಪ ಇಲ್ಲ ಅಂತ ಹೇಳಿಬಿಟ್ಟೆ."

ಅವನು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ.

"ಏಳಕ್ಕ. ಶವಾಗಾರಕ್ಕ ಹೋಗಿ ಕಣ್ಣಾರೆ ನೋಡೂಣು."

ಇಬ್ಬರೂ ಮೆಟ್ಟಿಲಿಳಿದರು. ಕೆಳಗಿನಿಂದ ಅಕ್ಕನ ದನಿ ಮಾತ್ರ ಕೇಳಿಸಿತು.

"ವಾರಸುದಾರರು ಬರಲಿಲ್ಲಂದ್ರ ಎಷ್ಟು ದಿನ ಇಟ್ಕೊಂತಾರೋ ಗುರು?"