ದಾನಿಯ ತೂಕ

ಎಣ್ಣೆನಾ? ಒಂದು ತೊಟ್ಟೂ ಹಾಕಿಲ್ಲ ಕಣೋ, ನಿನ್ನಾಣೆ! ಯಾಕೆ ಹಂಗೆ ನೋಡ್ತೀಯ? ಈರುಳ್ಳಿ ಅಷ್ಟು ಕೆಂಪಗೆ ಹೆಂಗಾಯ್ತು ಅಂತಾನಾ? ಹೇಳ್ತೀನಿ, ಮೊದಲು ಕೂತ್ಕೋ. ಆ ಕುರ್ಚಿ ಬೇಡ, ಅದರ ಮೇಲೆ ಗುಂಡುಸೂಜಿ ಚೆಲ್ಲಿದೆ. ಸ್ಟೂಲ್ ಎಳ್ಕೋ. ಎಡಗೈ ಹುಷಾರು... ಈಗ ತಾನೇ ಡಯಾಲಿಸಿಸ್ ಮುಗಿಸ್ಕೊಂಡು ಬಂದಿದ್ದೀಯ, ಬಾಗಿಲಿಗೆ ತಗುಲಿಸ್ಬೇಡ.

ಹಾಂ, ಈರುಳ್ಳಿ. ಒಣ ಬಾಣಲೆ ಚೆನ್ನಾಗಿ ಕಾಯಿಸಿ ಹಾಕೋದು. ತಳ ಹಿಡಿಯೋ ಹೊತ್ತಿಗೆ ಒಂದು ಚಮಚ ನೀರು. ಚುಯ್ ಅನ್ನುತ್ತೆ, ಕೆದಕೋದು. ಮತ್ತೆ ಹಿಡಿಯುತ್ತೆ, ಮತ್ತೆ ನೀರು. ಹಿಂಗೇ ಏಳೆಂಟು ಸಲ. ಎಣ್ಣೆ ಬೇಡ, ತಾಳ್ಮೆ ಬೇಕು ಅಷ್ಟೆ. ಕೋಳಿಗೆ ಬೆಳಿಗ್ಗೇನೇ ಒಂಚೂರು ಮೊಸರು, ಬೆಳ್ಳುಳ್ಳಿ, ಕುಟ್ಟಿದ ಮೆಣಸು ಕಲಸಿ ಇಟ್ಟಿದ್ದೆ. ಮುಚ್ಚಿಟ್ರೆ ತನ್ನ ನೀರಲ್ಲೇ ಬೇಯುತ್ತೆ. ಒಲೆ ಆರಿಸಿದ ಮೇಲೆ ನಿಂಬೆಹಣ್ಣಿನ ಸಿಪ್ಪೆ ತುರಿದು ಉದುರಿಸಿದೆ. ಸಿಪ್ಪೆ ಕಣೋ, ರಸ ಅಲ್ಲ! ಘಮ ಬರ್ತಿದ್ಯಾ?

ನಿಂಗೆ ಉಪ್ಪು ಕೂಡದು, ನಂಗೆ ಎಣ್ಣೆ ಕೂಡದು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ... ಎರಡೂ ಇಲ್ಲದೇನೇ ನಿನ್ನ ಸಾಕ್ತಾ ಇದ್ದೀನಿ ನೋಡು! ನಗೋ ಸ್ವಲ್ಪ. ಮುಂಚೆ ಆಗಿದ್ರೆ ನೀನು ಬಿದ್ದು ಬಿದ್ದು ನಗ್ತಿದ್ದೆ. ಗುಂಡ ಅಂತ ಹೆಸರಿಟ್ಟವಳು ನಾನೇ. ಐದು ವರ್ಷದ ಮಗು ನೀನು, ಸೊಂಟದ ಮೇಲೆ ಕೂರಿಸ್ಕೊಂಡ್ರೆ ಹನ್ನೊಂದು ವರ್ಷದ ನಾನು ಒಂದು ಕಡೆಗೆ ವಾಲ್ತಿದ್ದೆ. ಈಗ ನೋಡಿದ್ರೆ ನೀನು ಕಡ್ಡಿ, ಗುಂಡಿ ನಾನು!

ಹೂಂ... ನಗಲ್ಲ ಅಂತೀಯ. ಸರಿ ಬಿಡು.

ಇವತ್ತು ಕೇಳ್ಲೇ ಇಲ್ವಲ್ಲೋ ನೀನು? ದಿನಾ ಒಳಗೆ ಕಾಲಿಟ್ಟ ಕೂಡ್ಲೇ ‘ಇವತ್ತೆಷ್ಟಕ್ಕಾ?’ ಅಂತಿದ್ದೆ. ಎಂಬತ್ತು ಕಿಲೋ! ಹೌದು ಕಣೋ, ಎಂಬತ್ತೊಂಬತ್ತರಿಂದ ಎಂಬತ್ತಕ್ಕೆ. ಇನ್ನು ನಾಲ್ಕು ಕಿಲೋ. ಡಾಕ್ಟರು ಏನಂದಿದ್ರು? ‘ನಿಮ್ಮ ರಕ್ತ ತಮ್ಮನಿಗೆ ಹೊಂದುತ್ತೆ, ಕಿಡ್ನಿ ಚೆನ್ನಾಗಿದೆ, ತೂಕ ಒಂದೇ ಅಡ್ಡಿ. ಎಪ್ಪತ್ತಾರಕ್ಕೆ ಬನ್ನಿ, ತಾರೀಕು ಕೊಡ್ತೀನಿ.’ ಸೋಮವಾರ ತೂಕ ನೋಡ್ತಾರೆ. ಏನೋ ಒಂದೆರಡು ಕಿಲೋ ಹೆಚ್ಚುಕಮ್ಮಿ ಆದ್ರೆ ಇನ್ನೊಂದು ತಿಂಗಳು ಅಂತಾರೆ. ಅಷ್ಟೇ ತಾನೇ?

ನಂಬಿಕೆ ಇಲ್ವಾ? ಇಲ್ಲಿ ನೋಡು, ಈ ಅಂಗಿ. ಪಕ್ಕಕ್ಕೆ ಎಳೆದ್ರೆ ಒಂದು ಹಿಡಿ ಬಟ್ಟೆ ಕೈಗೆ ಬರುತ್ತೆ. ನಾಲ್ಕು ತಿಂಗಳ ಹಿಂದೆ ಇದೇ ಅಂಗೀಲಿ ಉಸಿರಾಡೋಕೆ ಆಗ್ತಿರ್ಲಿಲ್ಲ...

ಏನೋ ಅದು? ಏನು ಬಗ್ಗಿ ನೋಡ್ತಿದ್ದೀಯ? ಹೊಲಿಗೆನಾ?

ಬಿಡೋ. ಕೈ ತೆಗಿ.

...

ಹೂಂ. ಹೌದು. ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದೀನಿ. ಒಳಗೆ ಮಡಿಚಿದ್ದ ಬಟ್ಟೆ ಬಿಸಿಲು ಕಂಡಿಲ್ಲ, ಮಾಸಿಲ್ಲ, ಅದಕ್ಕೇ ಎರಡೂ ಪಕ್ಕ ಗೆರೆ ಎಳೆದ ಹಾಗೆ ಕಡುನೀಲಿ. ದರ್ಜಿ ಮನೇಲಿ ಬೆಳೆದೋನ ಕಣ್ಣಿಗೆ ಮಣ್ಣೆರಚೋಕೆ ಹೋದೆ ನಾನು. ಊರಿಗೆಲ್ಲ ಬಟ್ಟೆ ಅಳತೆ ಮಾಡಿ ಹೊಲಿಯೋಳು, ನಿಂಗೆ ಸುಳ್ಳು ಹೊಲಿದುಕೊಟ್ಟೆ.

ಎಂಬತ್ತಲ್ಲ. ತೊಂಬತ್ತೊಂದು.

ಬೈಯಿ. ಬೈಯೋ! ಅಡುಗೆ ಸುಳ್ಳಲ್ಲ ಗುಂಡ. ಇದನ್ನೇ ಮಾಡಿದೆ, ಇದನ್ನೇ ನಿನ್ನ ಎದುರಿಗೆ ಕೂತು ತಿಂದೆ. ಹೂಕೋಸು ಹುರಿದೆ, ಎಲೆಕೋಸಿನ ಸೂಪು ಮಾಡಿದೆ, ಹಳದಿ ತೆಗೆದು ಮೊಟ್ಟೆ ಬಿಳಿಗೆ ಈರುಳ್ಳಿ ಸೊಪ್ಪು ಹೆಚ್ಚಿ ಹಾಕಿದೆ. ಸಣ್ಣ ತಟ್ಟೇಲಿ ಉಂಡೆ. ನೀನು ಬೈಂಡಿಂಗ್ ಅಂಗಡಿಗೆ ಹೋದ ಮೇಲೆ... ಬ್ರೆಡ್ಡು. ಬೆಣ್ಣೆ ಬಳಿದು, ಮೇಲೆ ಸಕ್ಕರೆ. ಆರು, ಏಳು, ಎಂಟು... ಹೊಲಿಗೆ ಮಿಷಿನ್ ಪಕ್ಕ ನಿಂತ್ಕೊಂಡೇ ತಿಂದೆ. ಬಾಯಿಚಪಲ ಕಣೋ. ಏನು ಮಾಡ್ಲಿ, ಹಾಳು ನಾಲಿಗೆ, ಕೇಳಲ್ಲ ಅನ್ನುತ್ತೆ...

ಯಾಕೆ ತಲೆ ಅಲ್ಲಾಡಿಸ್ತೀಯ? ಬಾಯಿಚಪಲ ಅಲ್ದೆ ಇನ್ನೇನು?

ಏನೋ ಅದು ಜೇಬಲ್ಲಿ? ಕೊಡು. ಎಷ್ಟು ನೀಟಾಗಿ ಮಡಿಚಿದ್ದೀಯಪ್ಪ, ಪುಸ್ತಕ ಕಟ್ಟೋನು ಅಂತ ಯಾರಾದ್ರೂ ಹೇಳ್ಬಹುದು. ಕನ್ನಡಕ ಎಲ್ಲಿ... ಇರು... ‘ಮೃತ ದಾನಿಗಳ ಕಿಡ್ನಿಗಾಗಿ ಕಾಯುವವರ ಪಟ್ಟಿಗೆ ಅರ್ಜಿ.’ ಆಸ್ಪತ್ರೆ ಮೊಹರು ಹಾಕಿದ ನಕಲು.

ಯಾಕೋ ಇದು? ಯಾರೋ ಸಾಯೋದನ್ನ ಕಾಯ್ತೀಯಾ? ನಾನಿಲ್ವಾ?

ತಾರೀಕು... ಇದು ಹೋದ ತಿಂಗಳದ್ದು! ಹೋದ ತಿಂಗಳು ಹನ್ನೊಂದಕ್ಕೇ ಸಹಿ ಮಾಡಿದ್ದೀಯ. ಹಂಗಾದ್ರೆ ಅವತ್ತು... ಮಧ್ಯಾಹ್ನ ಪರದೆ ಅಲ್ಲಾಡಿತ್ತು. ಗಾಳಿ ಅಂದ್ಕೊಂಡೆ. ಬಾಯಿ ತುಂಬ ಬ್ರೆಡ್ಡಿತ್ತು, ತಿರುಗಿ ನೋಡೋಕೂ ನಾಚಿಕೆ ಆಯ್ತು. ನೀನಾ? ಏನೋ ಮರೆತು ವಾಪಸ್ ಬಂದಿದ್ದೆಯಾ?

ಅಯ್ಯೋ... ಒಂದು ತಿಂಗಳು. ಒಂದು ತಿಂಗಳು ದಿನಾ ಬಂದು ‘ಇವತ್ತೆಷ್ಟಕ್ಕಾ?’ ಅಂದೆ. ನಾನು ಅರ್ಧ ಕಿಲೋ ಇಳೀತು ಅಂದ್ರೆ ‘ಶಭಾಷ್’ ಅಂತಿದ್ದೆ. ಮೊನ್ನೆ ಚಪ್ಪಾಳೆ ಬೇರೆ ತಟ್ಟಿದೆ! ಯಾಕೋ ಹಂಗೆ ಮಾಡಿದೆ? ನನ್ನ ಮಾನ ಉಳಿಸೋಕಾ?

ಇರು, ಕೆಳಗೇನೋ ಬರೆದಿದೆ... ‘ಕುಟುಂಬದ ದಾನಿ ಇದ್ದೂ ಪಟ್ಟಿಗೆ ಸೇರಲು ಕಾರಣ.’ ಇದು ನಿನ್ನ ಕೈಬರಹ. ‘ಅಕ್ಕ ಸಿದ್ಧರಿದ್ದರು. ನಾನೇ ಒಪ್ಪಲಿಲ್ಲ.’

...

ಗುಂಡ.

ಇದನ್ನ ಬರೀಬಾರ್ದಿತ್ತು ಕಣೋ ನೀನು. ಬೈದಿದ್ರೆ ತಡ್ಕೋತಿದ್ದೆ.

ನಿಂಗೆ ನೆನಪಿರೋದಿಲ್ಲ. ಅಮ್ಮನ್ನ ಒಳಗೆ ಕರ್ಕೊಂಡು ಹೋದಾಗ ನೀನು ನನ್ನ ತೊಡೆ ಮೇಲೆ ನಿದ್ದೆ ಮಾಡ್ತಿದ್ದೆ. ಸಣ್ಣ ಆಪರೇಷನ್ನು, ಸಂಜೆಗೆ ಮಾತಾಡ್ಬಹುದು ಅಂದ್ರು. ಆಸ್ಪತ್ರೆ ಹಸಿರು ಬಾಗಿಲು, ಮೇಲೆ ಒಂದು ಕೆಂಪು ದೀಪ. ಯಾರೋ ನರ್ಸಮ್ಮ ಒಂದು ಪೊಟ್ಟಣ ಬಿಸ್ಕತ್ತು ಕೊಟ್ರು. ನಾನು ದೀಪ ನೋಡ್ತಾ ನೋಡ್ತಾ ಒಂದೊಂದೇ ತಿಂದೆ. ದೀಪ ಆರಿತು, ಡಾಕ್ಟರು ಹೊರಗೆ ಬಂದ್ರು, ಅಪ್ಪ ಗೋಡೆ ಹಿಡ್ಕೊಂಡು ಕೂತ್ಬಿಟ್ರು... ನಾನು ಇನ್ನೂ ತಿಂತಾನೇ ಇದ್ದೆ. ನಿಲ್ಲಿಸೋಕೆ ಆಗ್ಲಿಲ್ಲ.

ಈ ಸಲ ಡಾಕ್ಟರು ‘ತೂಕ ಒಂದೇ ಅಡ್ಡಿ’ ಅಂದ್ರಲ್ಲ, ಅವತ್ತು ನಿನ್ನ ಮುಖ ಸಪ್ಪಗಾಯ್ತು. ನಾನು ‘ಇಳಿಸ್ತೀನಿ ಬಿಡಿ ಸಾರ್’ ಅಂತ ಜೋರಾಗಿ ಅಂದೆ. ಒಳಗೆ ಏನಾಯ್ತು ಗೊತ್ತಾ? ಉಸಿರು ಬಂತು ನಂಗೆ. ಅಬ್ಬ, ಅಡ್ಡಿ ಒಂದಿದೆಯಲ್ಲ ಅಂತ... ನಿನ್ನ ಪಕ್ಕದಲ್ಲೇ ಕೂತು, ಈ ಕೈಯಿಂದ ನಿನ್ನ ಬೆನ್ನು ಸವರ್ತಾ.

ಹೆದರಿಕೆ ಅಂತ ಹೇಳ್ಬಹುದಿತ್ತು. ಬಾಯಿ ಬರ್ಲಿಲ್ಲ. ನಿನ್ನ ಎತ್ತಿ ಆಡಿಸಿದೋಳು, ಜ್ವರ ಬಂದ್ರೆ ಎದೆ ಮೇಲೆ ಹಾಕ್ಕೊಂಡು ಮಲಗಿದೋಳು, ಹೆದರಿಕೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ದಪ್ಪ ಇದ್ರೆ ಜನ ಅಯ್ಯೋ ಪಾಪ ಅಂತಾರೆ, ಪ್ರಯತ್ನ ಪಡ್ತಿದ್ದಾಳೆ ಅಂತಾರೆ. ಅದಕ್ಕೇ ಇಳಿಯೋಕೆ ಅಡುಗೆ ಮಾಡಿದೆ, ಇಳೀದೇ ಇರೋಕೆ ತಿಂದೆ. ಒಂದೊಂದ್ಸಲ ಹಸಿವೇ ಇರ್ತಿರ್ಲಿಲ್ಲ ಗುಂಡ. ವಾಂತಿ ಬರೋ ಹಾಗಾದ್ರೂ ತುರುಕ್ಕೊಂಡು ತಿಂದಿದ್ದೀನಿ.

ಸಿದ್ಧ ಇದ್ದೆ ಅಂತ ಬರೆದಿದ್ದೀಯ. ಇರ್ಲಿಲ್ಲ ಕಣೋ. ನಾಲ್ಕು ತಿಂಗಳಲ್ಲಿ ಒಂದೇ ಒಂದು ದಿನಾನೂ ಇರ್ಲಿಲ್ಲ.

ಪಟ್ಟೀಲಿ ಎಷ್ಟನೇ ಹೆಸರು ನಿಂದು? ಎಷ್ಟು ವರ್ಷ ಕಾಯ್ಬೇಕಂತೆ?

ಹೇಳೋ... ಏನಾದ್ರೂ ಅನ್ನು. ಎದ್ದು ಹೋಗು ಬೇಕಾದ್ರೆ. ನಾನು ಇಷ್ಟು ಹೇಳಿದೆ, ನಿನ್ನ ಮುಖ ಒಂದು ಚೂರೂ ಬದಲಾಗ್ಲಿಲ್ಲ...

ಗುಂಡ?

ಇದೂ ಗೊತ್ತಿತ್ತಾ ನಿಂಗೆ?